ಕೈಯಾರೆ ತೆಗೆದ ಚಿತ್ರ

2025ರ ಫೆಬ್ರವರಿ 28, ಶುಕ್ರವಾರ, ಬೆಳಿಗ್ಗೆ 9 ಗಂಟೆ 52 ನಿಮಿಷ. ಅಮಾವಾಸ್ಯೆ ಅದೇ ನಸುಕಿನಲ್ಲಿ ಮುಗಿದಿತ್ತು. ಗಂಗಾವತಿಯ ಆ ಸಣ್ಣ ಕಾಂಪ್ಲೆಕ್ಸಿನ ನಾಲ್ಕನೇ ಅಂಗಡಿಯ ಷಟರ್ ಅರ್ಧಕ್ಕೆ ಎದ್ದಿತ್ತು. ಪ್ರಭುರಾಜ ಬಗ್ಗಿ ಒಳಗೆ ನುಸುಳಬೇಕೆನ್ನುವಷ್ಟರಲ್ಲಿ ಕಸಬರಿಗೆಯ ಹಿಡಿ ಅವನ ಎದೆಗೆ ಅಡ್ಡ ಬಂತು.

"ತಮ್ಮಾ, ಒಳಗ ಟೇಬಲಿನ ಮ್ಯಾಲ ಒಂದು ಫೋನ್ ಐತಿ," ಎಂದಳು ಮುದಕಮ್ಮ. "ಅದನ್ನ ಮುಟ್ಟಬ್ಯಾಡ. ಮುಟ್ಟಿದ್ರೂ ಅದರಾಗಿನ ಚಿತ್ರ ಮಾತ್ರ ತೆಗೀಬ್ಯಾಡ."

ಹನ್ನೆರಡು ವರ್ಷದಿಂದ ಆ ಕಾಂಪ್ಲೆಕ್ಸಿನ ಕಸ ಗುಡಿಸುತ್ತಿದ್ದ ಮುದುಕಿ ಅವಳು. ಯಾವ ಅಂಗಡಿಯ ಯಾವ ಮೂಲೆಯಲ್ಲಿ ಏನು ಬಿದ್ದಿದೆ ಎಂಬುದು ಅಂಗಡಿಯವರಿಗಿಂತ ಮೊದಲು ಅವಳಿಗೆ ಗೊತ್ತಾಗುತ್ತಿತ್ತು.

"ಯಾಕಬೇ, ಕಚ್ಚತೈತೇನು?"

"ನಿವಾಳಿಸಿದ ಫೋನದು. ನಸುಕಿನ್ಯಾಗ ಮೂರು ದಾರಿ ಕೂಡಿದಲ್ಲಿ ಒಬ್ಬರ ತಲಿ ಸುತ್ತ ಮೂರು ಸಲ ತಿರುವಿದ್ದನ್ನ ನೋಡೀನಿ."

"ಯಾರ ತಲಿ?"

ಮುದಕಮ್ಮ ಕಸಬರಿಗೆಯ ಕಡ್ಡಿಗಳನ್ನು ನೋಡಿದಳು. "ನಿವಾಳಿಸೂಮುಂದ ಮಾರಿ ನೋಡಬಾರದು."

"ಇಷ್ಟು ದಿನ ಲಿಂಬಿಹಣ್ಣು ಇತ್ತು, ಈಗ ಮೊಬೈಲ್ ಬಂತೇನು? ಬಿಡು, ಮುಂದಿನ ಅಮಾಸಿಗೆ ಚಾರ್ಜರೂ ನಿವಾಳಿಸ್ತಾರ."

ಅವಳು ನಗಲಿಲ್ಲ. "ನಾ ಹೇಳೀನಿ ನೋಡಪಾ. ಹೇಳಿಲ್ಲ ಅನಬ್ಯಾಡ," ಎಂದು ಹಿಡಿಯನ್ನು ಹಿಂದಕ್ಕೆಳೆದುಕೊಂಡಳು.  ಪ್ರಭುರಾಜ ಅವಳ ಮಾತು ಕೇಳಿಸಿಕೊಂಡ. ಆದರೆ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ಊರಲ್ಲಿ ರೋಗ, ದೃಷ್ಟಿ, ಪೀಡೆ ಏನೇ ಇರಲಿ, ಲಿಂಬೆಹಣ್ಣಿಗೋ ಕುಂಬಳಕಾಯಿಗೋ ಇಳಿಸಿ ಮೂರು ದಾರಿ ಕೂಡಿದಲ್ಲಿ ಇಟ್ಟು, ಹಿಂತಿರುಗಿ ನೋಡದೆ ಬರುತ್ತಾರೆ. ಎತ್ತಿಕೊಂಡ ಕೈಗೆ ಪೀಡೆ ಹತ್ತುತ್ತದೆ ಎಂಬ ನಂಬಿಕೆ. ದೊಡ್ಡ ಲಾರಿಗಳು ಕೂಡ ಅಂಥ ಹಣ್ಣನ್ನು ತುಳಿಯದೆ ಸುತ್ತಿ ಹೋಗುವುದನ್ನು ಪ್ರಭುರಾಜ ನೋಡಿದ್ದ. ಜನವರಿಯಲ್ಲಿ ಒಂದು ದಿನ ಹಾಗೆ ಬಿದ್ದಿದ್ದ ಹಣ್ಣನ್ನು ಎತ್ತಿ ತಂದು, ಕೊಯ್ದು, ಶರಬತ್ತು ಮಾಡಿ ಕುಡಿದಿದ್ದ. ಕುಡಿದ ಮೇಲೆ ವಿಷಯ ತಿಳಿದ ಮುದಕಮ್ಮ ಎರಡು ದಿನ ಆ ಅಂಗಡಿಯ ಮುಂದೆ ಗುಡಿಸಿರಲಿಲ್ಲ. ಅವನಿಗೆ ಶೀತ ಕೂಡ ಆಗಿರಲಿಲ್ಲ. ಆ ಪ್ರಯೋಗದ ಫಲಿತಾಂಶವನ್ನು ಅವನು ಗೆಳೆಯ ಪಂಪಾಪತಿಗೆ ನಗುತ್ತ ವಿವರಿಸಿದ್ದ. ಪಂಪಾಪತಿ ನಕ್ಕಿರಲಿಲ್ಲ. "ಖರೇನ ಏನೂ ಆಗಿಲ್ಲೇನು?" ಎಂದು ಮತ್ತೆ ಮತ್ತೆ ಕೇಳಿದ್ದ.

ಮೊಬೈಲ್ ರಿಪೇರಿಯ ಆ ಅಂಗಡಿ ಪಂಪಾಪತಿಯದು. ಅಂದು ಪ್ರಭುರಾಜ ಒಳಗೆ ಹೋದಾಗ ಅವನು ಗಲ್ಲವನ್ನು ಎದೆಗೆ ಒತ್ತಿಕೊಂಡು ಕೂತಿದ್ದ. ಒಂದೂವರೆ ವರ್ಷದಿಂದ ಅವನು ಹಾಗೆಯೇ ಕೂರುತ್ತಿದ್ದ, ಹಾಗೆಯೇ ನಡೆಯುತ್ತಿದ್ದ. ಅವನ ಎರಡೂ ಕಣ್ಣುಗಳ ನೋಟ ಕೆಳಗಿನಿಂದ ಕತ್ತಲಾಗುತ್ತ ಬಂದು, ಮೇಲೊಂದು ಸೀಳು ಮಾತ್ರ ಉಳಿದಿತ್ತು. ತಲೆ ತಗ್ಗಿಸಿದರಷ್ಟೇ ಎದುರಿನದು ಆ ಸೀಳಿಗೆ ಸಿಕ್ಕುತ್ತಿತ್ತು. ಕಾರಣ ತಿಳಿಯದ ಗಿರಾಕಿಗಳು ಅದನ್ನು ವಿನಯ ಎಂದುಕೊಂಡಿದ್ದರು. ಕೊಪ್ಪಳದಲ್ಲೂ ಹುಬ್ಬಳ್ಳಿಯಲ್ಲೂ ಡಾಕ್ಟರರು ನೋಡಿ, ಕಣ್ಣಿನಲ್ಲಿ ದೋಷವಿಲ್ಲ ಎಂದಿದ್ದರು.

ಹುಬ್ಬಳ್ಳಿಯಲ್ಲಿ ಬಿ.ಎಸ್ಸಿ. ಓದುವಾಗ ಇಬ್ಬರದೂ ಒಂದೇ ರೂಮು, ಒಂದೇ ಕ್ಯಾಲ್ಕುಲೇಟರ್, ಮೂರು ವರ್ಷ. ಹಿಂದಿನ ಆಗಸ್ಟಿನಲ್ಲಿ ಪಂಪಾಪತಿ ಫೋನ್ ಮಾಡಿದ್ದ: "ದೋಸ್ತ, ಬೋರ್ಡಿನ ಕೆಲಸ ಇನ್ನ ನನ್ನ ಕೈಲೆ ಆಗೂದಿಲ್ಲ. ನೀ ಬಾ. ನನ್ನ ಕಣ್ಣಾಗಿ ಬಾ." ಪ್ರಭುರಾಜನಿಗೆ ತಂದೆತಾಯಿ ಇರಲಿಲ್ಲ, ಮದುವೆ ಆಗಿರಲಿಲ್ಲ. ಹುಬ್ಬಳ್ಳಿಯ ಸರ್ವಿಸ್ ಸೆಂಟರಿನ ಕೆಲಸ ಬಿಟ್ಟು ಎರಡು ಚೀಲ, ಕೂದಲೆಳೆಯನ್ನೂ ಅಳೆಯುವ ಒಂದು ವರ್ನಿಯರ್ ಕ್ಯಾಲಿಪರ್ ಹಿಡಿದು ಬಂದಿದ್ದ. ತನ್ನನ್ನು ಹಾಗೆ ಕರೆಯುವವರು ಲೋಕದಲ್ಲಿ ಇನ್ನೊಬ್ಬರಿಲ್ಲ ಎಂದುಕೊಂಡು ಬಂದಿದ್ದ.

"ಯಾರದಿದು?" ಪ್ರಭುರಾಜ ಟೇಬಲಿನ ಮೇಲಿದ್ದ ಫೋನನ್ನು ಎತ್ತಿ ಕೇಳಿದ.

"ಚೀಟಿ ಐತಿ ನೋಡು," ಎಂದ ಪಂಪಾಪತಿ, ತಲೆ ಎತ್ತದೆ.

ಚೀಟಿಯಲ್ಲಿ ಪಂಪಾಪತಿಯ ಅಕ್ಷರ: ಗಾಳೇಶ, ಬೇವೂರು. ಒಂದು ಮೊಬೈಲ್ ನಂಬರು. ದೂರು: ಸ್ಕ್ರೀನ್‌ಶಾಟ್ ಬರುವುದಿಲ್ಲ.

ಫೋನಿಗೆ ಅರಿಶಿನದ ವಾಸನೆ ಇತ್ತು. ಅದರಡಿಯಲ್ಲಿ ಹುಳಿಯಾದ ಇನ್ನೊಂದು ವಾಸನೆ, ಹಿಂಡಿ ಬಿಟ್ಟ ಲಿಂಬೆಯದು. ಪರದೆ ಬೆಳಗಿದಾಗ ಒಂದು ಚಿತ್ರ ಕಂಡಿತು: ಅಡ್ಡ ನಾಲ್ಕು ಸಾಲು, ಉದ್ದ ನಾಲ್ಕು ಸಾಲು, ಹದಿನಾರು ಮನೆಗಳ ಒಂದು ಚೌಕ. ಪ್ರತಿ ಮನೆಯಲ್ಲೂ ಕೈಬರಹದ ಒಂದೊಂದು ಅಂಕಿ. ನಟ್ಟನಡುವೆ ನಾಲ್ಕು ಮನೆಗಳು ಸೇರುವಲ್ಲಿ ಒಂದು ಸಣ್ಣ ವೃತ್ತ, ಖಾಲಿ.

"ಮುದಕಮ್ಮ ಇದನ್ನ ತೆಗೀಬ್ಯಾಡ ಅಂದಾಳ," ಎಂದು ಪ್ರಭುರಾಜ ನಕ್ಕ.

ಪಂಪಾಪತಿ ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಹೌದಾ?" ಎಂದ. "ಹಂಗಾರ ಬಿಡು."

ಬಿಡು ಎಂದರೆ ಪ್ರಭುರಾಜ ಬಿಡುವವನಲ್ಲ. ಅದನ್ನು ಹತ್ತು ವರ್ಷದಿಂದ ಬಲ್ಲವನು ಒಬ್ಬನೇ.

ಅವನ ಪದ್ಧತಿ ಸರಳ: ಒಂದು ಸಲಕ್ಕೆ ಒಂದನ್ನೇ ಬದಲಿಸುವುದು, ಬದಲಿಸಿದ್ದನ್ನು ಬರೆದಿಡುವುದು. ಪವರ್ ಗುಂಡಿ, ಧ್ವನಿ ಇಳಿಸುವ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿದ. ಏನೂ ಇಲ್ಲ. ಮೂರು ಬೆರಳಿನಲ್ಲಿ ಪರದೆಯನ್ನು ಕೆಳಕ್ಕೆ ಎಳೆದ. ಏನೂ ಇಲ್ಲ. ಜಾಗ ತುಂಬಿದೆಯೇ ಎಂದು ನೋಡಿದ. ಅರ್ಧಕ್ಕಿಂತ ಹೆಚ್ಚು ಖಾಲಿ ಇತ್ತು. ಆರಿಸಿ ಮತ್ತೆ ಹಚ್ಚಿದ. ಸೇಫ್ ಮೋಡಿನಲ್ಲಿ ತೆರೆದ. ಅಲ್ಲೂ ಇಲ್ಲ. ಧ್ವನಿಯ ಗುಂಡಿ ಒತ್ತಿದರೆ ಧ್ವನಿಯೇ ಇಳಿಯುತ್ತಿರಲಿಲ್ಲ. ಅಂದರೆ ಒಂದು ದೋಷ ಗುಂಡಿಯದು.

ಹಿಂದಿನ ಮುಚ್ಚಳ ಬಿಸಿ ಮಾಡಿ ಬಿಚ್ಚಿ, ಮೈಕ್ರೋಸ್ಕೋಪಿನ ಕೆಳಗಿಟ್ಟ. ಗುಂಡಿಯ ಒಳಗೆ ಹಳದಿ ಹೆಪ್ಪು. ಅರಿಶಿನ ಮತ್ತು ಲಿಂಬೆಯ ರಸ ಸೇರಿ ಒಣಗಿ ಗಟ್ಟಿಯಾಗಿತ್ತು. ಅದರಲ್ಲೊಂದು ಕೂದಲು ಸಿಕ್ಕಿಕೊಂಡಿತ್ತು. ಸ್ಪಿರಿಟ್ ಹಾಕಿ, ಬ್ರಷ್ಷಿನಿಂದ ತಿಕ್ಕಿ ತೆಗೆದ. ಈಗ ಗುಂಡಿ ಕೆಲಸ ಮಾಡಿತು. ಎರಡನ್ನೂ ಒತ್ತಿದ. ಪರದೆಯ ಮೇಲೆ ಒಂದು ಬಿಳಿ ಪೆಟ್ಟಿಗೆ ಮೂಡಿತು:

ಹೇಳಿದ ಮೇಲೂ ತೆಗೆಯಬೇಕೆ?

ಕೆಳಗೆ ಒಂದರಡಿ ಒಂದು ಎರಡು ಪದ: ಹೌದು. ಬೇಡ.

ಅಂಥ ಪೆಟ್ಟಿಗೆಯನ್ನು ಯಾವ ಕಂಪನಿಯ ಫೋನಿನಲ್ಲೂ ಅವನು ಕಂಡಿರಲಿಲ್ಲ. ಯಾರೋ ಕನ್ನಡಕ್ಕೆ ತರುವಾಗ ಎಡವಟ್ಟು ಮಾಡಿದ್ದಾರೆ ಎಂದುಕೊಂಡ. ಬೆನ್ನ ಹಿಂದೆ ಪಂಪಾಪತಿಯ ಕುರ್ಚಿ ಕಿರುಗುಟ್ಟಿತು. ಹೊರಗೆ ಕಸಬರಿಗೆಯ ಸದ್ದು ನಿಂತಿತು. ಪ್ರಭುರಾಜ 'ಹೌದು' ಒತ್ತಿದ.

ಚಕ್.

ಚಿತ್ರ ಉಳಿದಿತ್ತು. ಹದಿನಾರು ಮನೆ, ಹದಿನಾರು ಅಂಕಿ. ನಡುವಿನ ವೃತ್ತ ಈಗ ಖಾಲಿ ಇರಲಿಲ್ಲ. ಅದರಲ್ಲೊಂದು ಮುಖ ಇತ್ತು. ಬಗ್ಗಿದ ಮುಖ, ಹಣೆಗೆ ಬಿದ್ದ ಕೂದಲು, ಎಡಹುಬ್ಬಿನ ಮೇಲೆ ಗಾಯದ ಕಲೆ. ಅವನದೇ.

ಸ್ಕ್ರೀನ್‌ಶಾಟಿಗೆ ಕ್ಯಾಮೆರಾ ಬೇಡ. ಪರದೆಗೆ ಹೋಗಬೇಕಾದ ಅಂಕಿಗಳನ್ನು ಅದು ಹಾಗೆಯೇ ಎತ್ತಿಡುತ್ತದೆ. ಗಾಜಿನ ಮೇಲಿನ ಪ್ರತಿಬಿಂಬ ಅದರಲ್ಲಿ ಬರಲು ಸಾಧ್ಯವೇ ಇಲ್ಲ. ಇದು ಪ್ರಭುರಾಜನಿಗೆ ಗೊತ್ತಿತ್ತು. ಗೊತ್ತಿದ್ದರಿಂದಲೇ ಚಿತ್ರವನ್ನು ಇನ್ನೊಮ್ಮೆ ತೆರೆದು ನೋಡಿದ. ಬಳಿಕ ಮುಂದಿನ ಕ್ಯಾಮೆರಾ ಯಾವುದೋ ಆ್ಯಪಿನಿಂದ ಚಾಲೂ ಇದ್ದಿರಬೇಕು ಎಂದು ಬರೆದುಕೊಂಡು, ಚಿತ್ರವನ್ನು ದಾಖಲೆಗಾಗಿ ತನ್ನ ಫೋನಿಗೆ ಕಳಿಸಿದ. ಚಿತ್ರದ ತಳದಲ್ಲಿ ಕೂದಲೆಳೆಗಿಂತ ತುಸು ದಪ್ಪನೆಯ ಒಂದು ಕಪ್ಪು ಗೆರೆ ಇತ್ತು. ಅದನ್ನೂ ಬರೆದುಕೊಂಡ. 1.1 ಮಿಲಿಮೀಟರ್.

ಫೋನ್ ಒಯ್ಯಲು ಯಾರೂ ಬರಲಿಲ್ಲ.

ಪರದೆಯಲ್ಲಿ ಗೆರೆ, ಕಲೆ ಎಂದು ಬರುವ ಫೋನುಗಳಿಗೆ ಪ್ರಭುರಾಜ ಒಂದು ಪರೀಕ್ಷೆ ಮಾಡುತ್ತಿದ್ದ. ಸ್ಕ್ರೀನ್‌ಶಾಟ್ ತೆಗೆದು ಅದನ್ನು ತನ್ನ ಫೋನಿನಲ್ಲಿ ತೆರೆದು ನೋಡುವುದು. ಗೆರೆ ಅಲ್ಲೂ ಕಂಡರೆ ದೋಷ ಒಳಗಿನದು; ಕಾಣದಿದ್ದರೆ ಗಾಜಿನದು, ಗಾಜು ಬದಲಿಸಿದರೆ ಮುಗಿಯಿತು. ಮಾರ್ಚ್ 4ರಂದು ಅಂಥದೊಂದು ಫೋನ್ ಬಂತು. ಸ್ಕ್ರೀನ್‌ಶಾಟಿನ ತಳದಲ್ಲಿ ಕಪ್ಪು ಪಟ್ಟಿ: 2.1. ಮಾರ್ಚ್ 7ರಂದು ಇನ್ನೊಬ್ಬರದು, ಇನ್ನೊಂದು ಕಂಪನಿಯದು: 4.3. ಮಾರ್ಚ್ 11ಕ್ಕೆ 8.6.

ಅದೇ ಹೊತ್ತಿಗೆ ಅವನು ಎಡವತೊಡಗಿದ. ಮೆಟ್ಟಿಲಿನ ಕೊನೆಯ ಹಂತ ತಪ್ಪುತ್ತಿತ್ತು. ಟೇಬಲಿನ ಮೇಲಿಟ್ಟ ಚಹಾದ ಗ್ಲಾಸು ಮೊಣಕೈಗೆ ತಾಗಿ ಉರುಳಿದ ಮೇಲೆ ಕಾಣುತ್ತಿತ್ತು. ಒಂದು ಮಧ್ಯಾಹ್ನ ಚರ್ಮ ಸುಟ್ಟ ವಾಸನೆ ಬಂದು ಸುತ್ತಲೂ ಹುಡುಕಿದ. ಬಿಸಿ ಸೋಲ್ಡರಿಂಗ್ ಕಡ್ಡಿ ಅವನದೇ ಎಡಗೈಯ ಕಿರುಬೆರಳಿನ ಮೇಲಿತ್ತು. ನೋವಿಗಿಂತ ಮೊದಲು ಹೊಗೆ ಮೂಗಿಗೆ ಬಂದಿತ್ತು. ಕೈ ಕಾಣಲು ಅವನು ತಲೆಯನ್ನು ಇನ್ನಷ್ಟು ತಗ್ಗಿಸಬೇಕಾಯಿತು.

ಮಾರ್ಚ್ 15: 17.2. ಮಾರ್ಚ್ 20: 34.3.

ಅಂದು ಅವನು ಆರು ಅಂಕಿಗಳನ್ನು ಒಂದರಡಿ ಒಂದು ಬರೆದು ನೋಡಿದ. ಪ್ರತಿ ಸಲವೂ ಇಮ್ಮಡಿ. ಅವನ ಫೋನಿನ ಪರದೆಯ ಎತ್ತರ 150 ಮಿಲಿಮೀಟರ್. ಗೋಡೆಗೆ ಗ್ರಾಫ್ ಹಾಳೆ ಅಂಟಿಸಿ, ನಡುವಿನ ಚುಕ್ಕೆಯ ಮೇಲೆ ಕಣ್ಣು ನೆಟ್ಟು, ಬೆರಳನ್ನು ಕೆಳಗಿನಿಂದ ಮೇಲಕ್ಕೆ ಸರಿಸುತ್ತ ಅದು ಎಲ್ಲಿ ಕಾಣಿಸಿಕೊಳ್ಳುತ್ತದೆ ಎಂದು ಗುರುತು ಹಾಕಿದ. ನೋಟದಲ್ಲಿ ಕತ್ತಲಾಗಿದ್ದ ಪಾಲು ಮತ್ತು ಚಿತ್ರದಲ್ಲಿ ಕಪ್ಪಾಗಿದ್ದ ಪಾಲು ಒಂದೇ. ಮೂರು ಸಲ ಅಳೆದ. ಮೂರು ಸಲವೂ ಒಂದೇ.

ಮರುದಿನ ಹಿಟ್ನಾಳದ ಮೇಲೆ ಹಾದು ಹೋಗುವ ಬಸ್ಸು ಹಿಡಿದು ಕೊಪ್ಪಳದ ಕಣ್ಣಿನ ಡಾಕ್ಟರರ ಬಳಿಗೆ ಹೋದ. ಅವರು ಬೆಳಕು ಬಿಟ್ಟು, ಹನಿ ಹಾಕಿ, ಮತ್ತೆ ಬೆಳಕು ಬಿಟ್ಟು ನೋಡಿದರು. "ಕಣ್ಣು ಭಾಳ ಛಲೋ ಅದಾವಲ್ರಿ," ಎಂದರು. ದೋಷ ಗಾಜಿನದಲ್ಲ.

ಇಷ್ಟಾದರೂ ಆ ವಾರದ ಒಂದು ಸಂತೋಷ ಪಂಪಾಪತಿಯದಾಗಿತ್ತು. ಮಾರ್ಚ್ 22ರ ಬೆಳಿಗ್ಗೆ ಮಂಡಕ್ಕಿ ಒಗ್ಗರಣಿ-ಮಿರ್ಚಿ ತಿನ್ನುತ್ತ ಕೂತಿದ್ದಾಗ, ಅವನು ಬೋರ್ಡೊಂದನ್ನು ಎತ್ತಿ ಹಿಡಿದು, ಅಕ್ಕಿಕಾಳಿನಷ್ಟು ಚಿಪ್ಪಿನ ಮೇಲಿನ ನಂಬರನ್ನು ಲೆನ್ಸಿಲ್ಲದೆ ಓದಿದ.

"ಲೇ! ನಿನ್ನ ಕಣ್ಣು!" ಪ್ರಭುರಾಜನ ಕೈಯ ಮಿರ್ಚಿ ಜಾರಿತು.

"ಬರಾಕ ಹತ್ಯಾವೋ ದೋಸ್ತ," ಎಂದ ಪಂಪಾಪತಿ ಮೆಲ್ಲಗೆ. "ಪೂರಾ ಅಲ್ಲ. ಇನ್ನೂ ಭಾಳ ಐತಿ."

ಪ್ರಭುರಾಜ ಅವನನ್ನು ಬಾಚಿ ತಬ್ಬಿಕೊಂಡ. ತನ್ನ ಕತ್ತಲನ್ನು ಆ ಹೊತ್ತಿಗೆ ಮರೆತೇಬಿಟ್ಟ. ತಬ್ಬಿದ ಮೈ ಗಟ್ಟಿಯಾಗಿ, ಕೈ ಚಾಚದೆ ನಿಂತಿತ್ತು. ಸಂಕೋಚ ಇರಬೇಕು ಎಂದುಕೊಂಡ.

ವಿಜ್ಞಾನ ಓದಿದವನಿಗೆ ಆರು ಅಳತೆ ಸಾಲದು. ಏಳನೆಯದನ್ನು ತಾನೇ ಬೇಕೆಂದು ತೆಗೆದರೆ ಮಾತ್ರ ರುಜುವಾತು. ಮಾರ್ಚ್ 24ರ ಬೆಳಿಗ್ಗೆ 11 ಗಂಟೆಗೆ, ಅಂಗಡಿಯಲ್ಲಿ ಒಬ್ಬನೇ ಇದ್ದಾಗ, ಸೀಲು ಒಡೆಯದ ಹೊಸ ಫೋನೊಂದನ್ನು ಡಬ್ಬಿಯಿಂದ ತೆಗೆದು ಹಚ್ಚಿದ. ಖಾಲಿ ಪರದೆ. ಎರಡು ಗುಂಡಿ ಒತ್ತಿದ.

ಚಕ್.

ಅರಿಶಿನದ ವಾಸನೆ. ಮೊದಲು ಮೂಗಿಗೆ, ಆಮೇಲೆ ಗಂಟಲಿಗೆ. ಲಿಂಬೆಯ ಹುಳಿ ಹಲ್ಲಿಗೆ ಹತ್ತಿತು. ಕೆಳಗಿನಿಂದ ಕತ್ತಲು ಎದ್ದಿತು. ಷಟರನ್ನು ಯಾರೋ ನೆಲದಿಂದ ಮೇಲಕ್ಕೆ ಎಳೆದಂತೆ. ಟೇಬಲು ಹೋಯಿತು. ಕೈ ಹೋಯಿತು. ಎದುರಿನ ಕುರ್ಚಿ ಅರ್ಧ ಹೋಯಿತು. ಅಲ್ಲಿಗೆ ನಿಂತಿತು.

68.7.

ಅದೇ ಕ್ಷಣ ಬೀದಿಯಲ್ಲಿ ಆಟೋ ನಿಂತಿತು. ಪಂಪಾಪತಿ ಒಳಗೆ ಬಂದ. ಒಂದೂವರೆ ವರ್ಷದಲ್ಲಿ ಮೊದಲ ಸಲ ಅವನ ತಲೆ ನೆಟ್ಟಗಿತ್ತು. ಅವನು ಬಾಗಿಲಲ್ಲೇ ನಿಂತು ನೆಲ, ಗೋಡೆ, ತನ್ನ ಚಪ್ಪಲಿ, ಎಲ್ಲವನ್ನೂ ಹೊಸದಾಗಿ ಕಂಡವನಂತೆ ನೋಡುತ್ತಿದ್ದ. ಪ್ರಭುರಾಜನ ಮುಖ ಒಂದನ್ನು ಬಿಟ್ಟು.

ಪ್ರಭುರಾಜ ಹೊತ್ತನ್ನೂ ಅಳತೆಯನ್ನೂ ಬರೆದುಕೊಂಡ. ಅವನು ಬರೆದಿಡುವವನು. ಪಂಪಾಪತಿ ಊಟಕ್ಕೆ ಹೋದ ಮೇಲೆ ಬೇವೂರಿನ ಗಾಳೇಶನ ನಂಬರಿಗೆ ಫೋನ್ ಮಾಡಿದ. ಆ ನಂಬರು ಅಸ್ತಿತ್ವದಲ್ಲಿಲ್ಲ ಎಂದು ಒಂದು ಹೆಣ್ಣುದನಿ ಹೇಳಿತು. ಅರಿಶಿನದ ಫೋನನ್ನು ಹಚ್ಚಿ, ಪ್ರತಿ ಫೋನಿಗೂ ಬೇರೆ ಬೇರೆ ಇರುವ ಹದಿನೈದು ಅಂಕಿಯ ಗುರುತಿನ ಸಂಖ್ಯೆ ತೆಗೆದ. ಕೊನೆಯ ನಾಲ್ಕು, 4417. ಎಲ್ಲೋ ಕಂಡ ಅಂಕಿ. ಮೇಲಿನ ಹಲಗೆಯಲ್ಲಿ ಹಳೆಯ ಖಾಲಿ ಡಬ್ಬಿಗಳಿದ್ದವು. ಸ್ಟೂಲು ಹತ್ತಿ, ಗಲ್ಲ ಎದೆಗೊತ್ತಿ, ಒಂದೊಂದನ್ನೇ ಕಣ್ಣ ಮೇಲಕ್ಕೆ ಹಿಡಿದು ಓದಿದ. ಹನ್ನೊಂದನೆಯ ಡಬ್ಬಿ. ಹದಿನೈದಕ್ಕೆ ಹದಿನೈದೂ ಕೂಡಿದವು. ಒಳಗೆ ಬಿಲ್ಲು ಇತ್ತು. ಫೋನ್ ಕೊಂಡವರ ಹೆಸರು: ಪಂಪಾಪತಿ. ಕೊಂಡ ದಿನ: ಫೆಬ್ರವರಿ 26.

ಅವನು ಹೊರಗೆ ಬಂದ. ಮುದಕಮ್ಮ ಕಟ್ಟೆಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದಳು. ಅವನ ತಗ್ಗಿದ ತಲೆ ನೋಡಿದವಳೇ ಎಲೆಯನ್ನು ಮಡಿಲಿಗೆ ಬಿಟ್ಟಳು.

"ಆವತ್ತ ಯಾರ ತಲಿ ಅದು, ಯವ್ವಾ?"

"ನಾ ಹೇಳಿದ್ನೆಲ್ಲೋ ಯಪ್ಪಾ..."

"ಯಾರ ತಲಿ?"

"ಅಂವಂದ. ನಿನಗ ಹೇಳು ಅಂತ ಅಂದಾವನೂ ಅಂವನ," ಅವಳು ಅಳತೊಡಗಿದಳು. "ಪಂಪಾಪತಿನ. 'ಬ್ಯಾಡ ಅಂತ ಹೇಳಬೇ, ಪಾಪ, ತಿಳೀದ ತಗೊಂಡಾನು' ಅಂದ. ನಾ ಖರೇ ಅನ್ಕೊಂಡೆ. ನೀ ಕೇಳ್ತಿ ಅನ್ಕೊಂಡೆ."

ಸಂಜೆ ನಾಲ್ಕಕ್ಕೆ ಪಂಪಾಪತಿ ಬಂದಾಗ ಟೇಬಲಿನ ಮೇಲೆ ಫೋನ್, ಡಬ್ಬಿ, ಬಿಲ್ಲು ಸಾಲಾಗಿದ್ದವು. ಅವನು ಷಟರನ್ನು ಅರ್ಧ ಇಳಿಸಿದ. ಊರಿನ ಅಕ್ಕಿ ಗಿರಣಿಗಳು ಹೊಟ್ಟು ಸುಟ್ಟ ಹೊಗೆ ಅಂಗಡಿಯೊಳಗೆ ಸಿಕ್ಕಿಕೊಂಡಿತು.

"ಜನವರಿಯಾಗ ನೀ ಆ ಹಣ್ಣು ಹಿಂಡಿ ಕುಡದೆಲ್ಲ," ಎಂದ. "ನಿನಗ ಯಾಕ ಹತ್ತಲಿಲ್ಲ ಅಂತ ಹೇಮಗುಡ್ಡದ ಕಡಿ ಗ್ಯಾನಪ್ಪ ಅಂತ ಒಬ್ಬ ಮಂತ್ರವಾದಿ ಅದಾನ, ಅಂವನ್ನ ಕೇಳಿದೆ. ಆವತ್ತ ನಿನಗ ಯಾರೂ ಬ್ಯಾಡ ಅಂದಿದ್ದಿಲ್ಲ. ಅದಕ್ಕ. ಹೇಳಿಸಿಕೊಂಡ ಮ್ಯಾಲೂ ಕೈಯಾರೆ ತಗೊಂಡ್ರಷ್ಟ ಹೋಗತೈತಂತ."

"ಹೇಳಿದ್ರ ಯಾರು ತಗೋತಾರೋ?"

"ಯಾರೂ ತಗೊಳ್ಳೂದಿಲ್ಲ." ಪಂಪಾಪತಿಯ ದನಿ ಇಳಿಯಿತು. "ಈ ಊರಾಗ ಒಂದು ಕೂಸೂ ತಗೊಳ್ಳೂದಿಲ್ಲ. ನೀ ಒಬ್ಬನ."

 ತಾನು ಹೆಮ್ಮೆ ಪಟ್ಟುಕೊಂಡಿದ್ದ ಒಂದೇ ಗುಣವನ್ನು ಈತ ಕೀಲಿಯಂತೆ ತಿರುಗಿಸಿದ್ದ.

"ಆಗಸ್ಟಿನ್ಯಾಗ ಕರೆದದ್ದು... ಇದಕ್ಕೇನೋ?"

"ಇಲ್ಲೋ. ದೇವ್ರಾಣಿ ಇಲ್ಲ. ಆವಾಗ ಕೆಲಸಕ್ಕ ಕರೆದೆ." ಪಂಪಾಪತಿ ಹೇಳಿದ, "ನನಗ ಎರಡು ಹೆಣ್ಣಮಕ್ಕಳು ಪ್ರಭು. ಸಣ್ಣಾಕಿ ಮಾರಿ ನಾ ಇವತ್ತ ಪೂರಾ ನೋಡಿದೆ. ನಿನಗ ಹಿಂದ ಮುಂದ ಯಾರದಾರ?"

ನೀನಿದ್ದೆ, ಎನ್ನಬೇಕೆಂದುಕೊಂಡ ಪ್ರಭುರಾಜ. ಎನ್ನಲಿಲ್ಲ.

"ನನಗ ಇದನ್ನ ಯಾರು ಕೊಟ್ಟರು ಇವತ್ತಿಗೂ ಗೊತ್ತಿಲ್ಲ," ಪಂಪಾಪತಿ ಎದ್ದ. "ನಿನಗ ಗೊತ್ತೈತಿ. ಇಷ್ಟಕ್ಕ ನಿಲ್ಲಿಸಿಬಿಡು. ಇನ್ನೊಂದು ಚಿತ್ರ ತೆಗೀದಿದ್ರ ಅರ್ಧ ಕಣ್ಣು ನಿನಗ ಉಳೀತಾವ. ನನಗೂ ಒಂದೀಟು ಕತ್ತಲು ಉಳೀತೈತಿ, ಇರಲಿ."

ಲೆಕ್ಕ ಪ್ರಭುರಾಜನಿಗೂ ಗೊತ್ತಿತ್ತು. ಮುಂದಿನದಕ್ಕೆ 137. ಅದರ ಮುಂದಿನದಕ್ಕೆ ಪರದೆಯೇ ಸಾಲದು. ಅಂದಿನಿಂದ ಅವನು ಯಾವ ಫೋನಿನ ಎರಡು ಗುಂಡಿಗಳನ್ನೂ ಒಟ್ಟಿಗೆ ಮುಟ್ಟಲಿಲ್ಲ. ಪಂಪಾಪತಿ ಅಂಗಡಿಗೆ ಬರುವುದನ್ನು ಬಿಟ್ಟ. ಹೋಗಲು ಬೇರೆ ಜಾಗವಿಲ್ಲದ ಪ್ರಭುರಾಜ ಮಾತ್ರ ದಿನವೂ ಬೀಗ ತೆಗೆದು, ಬಂದ ಫೋನುಗಳ ಬ್ಯಾಟರಿ ಬದಲಿಸುತ್ತ, ತಲೆ ತಗ್ಗಿಸಿ ಕೂತ. ಒಂಬತ್ತು ದಿನ ಕಪ್ಪು ಒಂದು ಕೂದಲೆಳೆಯಷ್ಟೂ ಮೇಲೇರಲಿಲ್ಲ.

ಏಪ್ರಿಲ್ 2, ಬುಧವಾರ, ಬೆಳಿಗ್ಗೆ 11 ಗಂಟೆ 17 ನಿಮಿಷ. ಪ್ರಭುರಾಜನ ಫೋನ್ ಸದ್ದು ಮಾಡಿತು. ಪಂಪಾಪತಿಯ ಸಂದೇಶ.

ದೋಸ್ತ, ರಾತ್ರಿ ನಿದ್ದಿ ಬರವಲ್ದು. ಗ್ಯಾನಪ್ಪನ ಹತ್ರ ಮತ್ತ ಹೋಗಿದ್ದೆ. ಇದನ್ನ ಬಿಡಿಸೂ ದಾರಿ ಐತಿ. ಇಬ್ಬರಿಗೂ ಬಿಡತೈತಿ.

ಪ್ರಭುರಾಜ ಫೋನನ್ನು ಇನ್ನಷ್ಟು ಮೇಲೆತ್ತಿದ.

ಹದಿನಾರು ಅಂಕಿ ಕಳಸ್ತೀನಿ. ತಾಮ್ರದ ತಗಡಿನ ಮ್ಯಾಲ ಕೊರದು ಹೊಳಿಗೆ ಬಿಡಬೇಕು. ಫೋನಿನ್ಯಾಗ ಇಡಬಾರದು. ಅದಕ್ಕ ಕಳಿಸಿ ಅಳಸ್ತೀನಿ. ಸ್ಕ್ರೀನ್‌ಶಾಟ್ ಮಾತ್ರ ತೆಗೀಬ್ಯಾಡ. ಹಾಳಿ ಮ್ಯಾಲ ಬರಕೊ. ನಾ ಹೇಳೀನಿ.

ಪ್ರಭುರಾಜನ ಕಣ್ಣು ತುಂಬಿ ಬಂತು. ಹತ್ತು ವರ್ಷದ ಗೆಳೆತನ ಎಲ್ಲಿಗೆ ಹೋದೀತು? ಹೋಗಿರಲಿಲ್ಲ. ಆ ಒಂದು ಕ್ಷಣ ಅವನು ಎಲ್ಲವನ್ನೂ ಮನ್ನಿಸಿದ.

ಮೊದಲ ಸಾಲು ಬಂತು. ನಾಲ್ಕು ಅಂಕಿ. ಎರಡನೆಯದು. ಮೂರನೆಯದು. ನಾಲ್ಕನೆಯದು.

ಪೆನ್ನು. ಪೆನ್ನು ಟೇಬಲಿನ ಬಲಕ್ಕಿತ್ತು. ಟೇಬಲಿದ್ದಲ್ಲಿ ಕತ್ತಲು. ಕೈ ಆಡಿಸಿದ. ಸ್ಪಿರಿಟ್ಟಿನ ಶೀಶೆ ಉರುಳಿತು. ಘಾಟು. ಪೆನ್ನು ಬೆರಳಿಗೆ ತಾಗಿತು. ಜಾರಿತು. ನೆಲಕ್ಕೆ ಬಿತ್ತು. ಟಕ್. ನೆಲ ಇರಲಿಲ್ಲ. ನೆಲ ಇದ್ದಲ್ಲಿ ಕಪ್ಪು. ಮಂಡಿಯೂರಿದ. ತಡವಿದ. ಸ್ಕ್ರೂ. ತಂತಿ. ಪೆನ್ನಿಲ್ಲ.

ಫೋನನ್ನು ಕಣ್ಣ ಮೇಲಕ್ಕೆ ಹಿಡಿದ. ಮೊದಲ ಸಾಲಿದ್ದಲ್ಲಿ: ಈ ಸಂದೇಶವನ್ನು ಅಳಿಸಲಾಗಿದೆ.

ಬಾಯಿಪಾಠ. ಎರಡನೆಯ ಸಾಲು. ಏಳು. ಹನ್ನೆರಡು. ಒಂದು...

ಅಳಿಸಲಾಗಿದೆ.

ತಡೀ. ತಡಿಯೋ. ಮೂರನೆಯದು. ಮೂರನೆಯದು ಇತ್ತು. ನಾಲ್ಕನೆಯದು ಇತ್ತು. ಎಂಟು ಅಂಕಿ. ಎಂಟಾದರೂ. ಉಳಿದ ಎಂಟು ಅವನನ್ನೇ ಕೇಳಿದರಾಯಿತು. ಹೆಬ್ಬೆರಳು ಎಲ್ಲಿತ್ತು? ಎಲ್ಲಿರಬೇಕೋ ಅಲ್ಲಿತ್ತು. ಸಾವಿರ ಸಲ ಅಲ್ಲಿ ಇದ್ದ ಹೆಬ್ಬೆರಳು. ತಲೆಗೆ 137 ಗೊತ್ತಿತ್ತು. ಬೆರಳಿಗೆ ಗೊತ್ತಿರಲಿಲ್ಲ.

ಬಿಳಿ ಪೆಟ್ಟಿಗೆ ಮೂಡಿತು.

ಹೇಳಿದ ಮೇಲೂ ತೆಗೆಯಬೇಕೆ?

ಕೆಳಗೆ ಎರಡು ಪದ ಇರಬೇಕಿತ್ತು. ಮೇಲಿನದು ಮಾತ್ರ ಕಂಡಿತು. ಹೌದು. ಅದರ ಕೆಳಗೆ ಕಪ್ಪು. ತಲೆ ತಗ್ಗಿಸಿದ್ದರೆ ಇನ್ನೊಂದೂ ಕಾಣುತ್ತಿತ್ತು. ತಗ್ಗಿಸಲು ಒಂದು ಕ್ಷಣ ಬೇಕಿತ್ತು. ಒಂದೇ ಒಂದು. ಅಷ್ಟರಲ್ಲಿ ಬೆರಳು ಕಂಡದ್ದನ್ನೇ ಒತ್ತಿತ್ತು.

ಚಕ್.

ಅರಿಶಿನ. ಲಿಂಬೆ. ಷಟರ್ ಮೇಲೆದ್ದಿತು. ಎದೆ, ಗಂಟಲು, ಬಾಯಿ. ಗೋಡೆಯ ಗ್ರಾಫ್ ಹಾಳೆ. ಗಡಿಯಾರ. ಟ್ಯೂಬ್‌ಲೈಟಿನ ಹತ್ತಿರ ಬಂದು ನಿಂತಿತು.

ಸದ್ದಿಲ್ಲ. ಹೊರಗೆ ಕಸಬರಿಗೆ ಕೂಡ ನಿಂತಿತ್ತು. ಆಮೇಲೆ ಷಟರಿನಾಚೆ, ಬಹಳ ಹತ್ತಿರದಲ್ಲಿ, ಗುರುತಿನ ಒಂದು ದನಿ ಕೇಳಿತು. ಇಷ್ಟು ಹೊತ್ತೂ ಪಂಪಾಪತಿ ಅಲ್ಲೇ ನಿಂತಿದ್ದಿರಬೇಕು.

"ಯಮ್ಮಾ, ಆ ಹೇಮಗುಡ್ಡದ ತುದಿ ನೋಡು. ಇಲ್ಲಿಂದ ಎಷ್ಟು ಚಂದ ಕಾಣತೈತಿ. ಬುಡದ ಕಲ್ಲು ಸೈತ ಎಣಸಬಹುದು."

ಮುದಕಮ್ಮನ ಕಸಬರಿಗೆ ಮತ್ತೆ ನೆಲ ಗೀರತೊಡಗಿತು. ಹೆಜ್ಜೆಗಳು ದೂರ ಹೋದವು. ಎಲ್ಲೂ ಎಡವದ, ನೆಟ್ಟಗಿನ ಹೆಜ್ಜೆಗಳು.

ಪ್ರಭುರಾಜ ನೆಲದ ಮೇಲೆಯೇ ಕೂತು, ಜೇಬಿನಿಂದ ವರ್ನಿಯರ್ ತೆಗೆದ. ಅಳೆಯದೆ ಏಳುವುದು ಅವನಿಗೆ ಗೊತ್ತಿರಲಿಲ್ಲ. ಗಲ್ಲವನ್ನು ಎದೆಗೆ ಒತ್ತಿ, ತಪ್ಪು ಮಾಡಿದವನಂತೆ ತಲೆ ಪೂರಾ ತಗ್ಗಿಸಿ, ಫೋನನ್ನು ಹಣೆಯ ಮೇಲಕ್ಕೆ ಎತ್ತಿ ಹಿಡಿದಾಗ ಚಿತ್ರ ಸಿಕ್ಕಿತು. ಅಂಕಿ ಇರಲಿಲ್ಲ. ಮೂರನೆಯ ಸಾಲಿಲ್ಲ, ನಾಲ್ಕನೆಯದಿಲ್ಲ. ಕಪ್ಪು. ತುದಿಯಲ್ಲಿ ಮಾತ್ರ ಬೆಳಕಿನ ಒಂದು ಪಟ್ಟಿ: ಸಮಯ 11.19. 'ಪಂಪಾಪತಿ' ಎಂಬ ಹೆಸರು. ಹೆಸರಿನ ಪಕ್ಕ ದುಂಡಗಿನ ಪುಟ್ಟ ಫೋಟೋ, ಕಾಲೇಜಿನ ದಿನದ್ದು. ಇಬ್ಬರು, ಒಬ್ಬರ ಹೆಗಲ ಮೇಲೊಬ್ಬರ ಕೈ.

ಆ ಪಟ್ಟಿಗೆ ವರ್ನಿಯರಿನ ದವಡೆ ಹಚ್ಚಿ, ತಿರುಪು ಬಿಗಿದು, ಓದಿದ.

12.7 ಮಿಲಿಮೀಟರ್.